ಮೊರದಗಲದ ನೆಲ

ಯಾರಾದರೂ ಮನೆಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಪಾದಗಳ ಮೇಲೆ. ಮುಖದ ಸರದಿ ಬರುವುದು ಆಮೇಲೆ. ಬಂದವರಲ್ಲಿ ಕೆಲವರು ಇದನ್ನು ನನ್ನ ವಿನಯವೆಂದು ತಿಳಿದು ಸಂತೋಷಪಡುತ್ತಾರೆ. ಕೆಲವರು ಚಪ್ಪಲಿ ಬಿಡದೆಯೇ ಒಳಗೆ ಬಂದುಬಿಟ್ಟೆವೇನೋ ಎಂಬ ಗಾಬರಿಯಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡುವವನಿಗೆ ಪಾದಗಳ ಲೆಕ್ಕ ಹೊಸದಲ್ಲವೆಂದು ನಾನು ಸಮಜಾಯಿಷಿ ಕೊಡುವುದುಂಟು. ನನ್ನ ಹೆಂಡತಿ ಸುಮಿತ್ರಾ ಮಾತ್ರ ಇಂಥ ಚಮತ್ಕಾರಗಳಿಗೆ ಮರುಳಾಗುವವಳಲ್ಲ. "ಮನುಷ್ಯರಿಗೆ ಮುಖ ಅಂತ ಒಂದೈತೆ ಕಣ್ರೀ, ಒಸಿ ಮೇಲೂ ನೋಡಿ" ಎನ್ನುತ್ತಾಳೆ. ರಾಮನಗರಕ್ಕೆ ಬಂದವರೆಲ್ಲ ಕತ್ತೆತ್ತಿ ಬೆಟ್ಟದ ಬಂಡೆಗಳನ್ನು ನೋಡುತ್ತಾರೆ. ಇದೇ ಊರಿನಲ್ಲಿ ಮನೆ ಮಾಡಿಕೊಂಡಿರುವ ನಾನು ನೆಲ ನೋಡುತ್ತೇನೆ.

ಈ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ, ನನ್ನ ಗೆಳೆಯನೊಬ್ಬನಿಂದ ಬಂದದ್ದು. ಅವನ ವಿಷಯವನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಓದುಗರೇ, ನಿಮಗೆ ಒಂದಿಷ್ಟು ಬಿಡುವಿದ್ದರೆ ನನ್ನೊಡನೆ ಬೆಂಗಳೂರಿನ ಆ ವಿಶ್ವವಿದ್ಯಾಲಯದ ಹಾಸ್ಟೆಲಿನವರೆಗೆ ಹೋಗಿ ಬನ್ನಿ.

ನಾನು ಮಾಗಡಿ ತಾಲ್ಲೂಕಿನ ರಾಗಿ ಹೊಲದ ಮನೆಯವನು, ಗೆಳೆಯರ ಬಾಯಲ್ಲಿ ನಂಜ. ದೂರದೃಷ್ಟಿ ಎಂಬುದು ನನಗೆ ಮೊದಲಿನಿಂದಲೂ ಇಲ್ಲ. ಇದು ಗುಣದೋಷವಲ್ಲ, ನೇತ್ರದೋಷ. ಸೋಡಾ ಬಾಟಲಿಯ ತಳದಂಥ ಕನ್ನಡಕವಿಲ್ಲದಿದ್ದರೆ ನನ್ನ ಪಾಲಿನ ಜಗತ್ತು ಒಂದು ಗೇಣಿನಾಚೆಗೆ ಮುಗಿದುಹೋಗುತ್ತಿತ್ತು. ಎಂ.ಎ. ಮೊದಲ ವರ್ಷದಲ್ಲಿ ಸೆಮಿನಾರು ಮಂಡಿಸುವ ಸರದಿ ಬಂದಾಗ, ಹಳ್ಳಿಯಿಂದ ಬಂದವನೆಂಬ ಅಳುಕನ್ನು ಮುಚ್ಚಿಕೊಳ್ಳಲು ಸಂಸ್ಕೃತದ ದಪ್ಪನೆಯ ಶಾಲು ಹೊದ್ದು ವೇದಿಕೆ ಹತ್ತಿದೆ. ಅವಿನಾಭಾವ, ಬಹುಮುಖತ್ವ, ಪ್ರತಿಫಲನಶೀಲತೆ ಎಂದು ನಾನು ಉಸಿರು ಕಟ್ಟಿ ಓದುತ್ತಿದ್ದರೆ ಮೇಷ್ಟ್ರು ಕಿಟಕಿಯಾಚೆಗಿನ ಮರವನ್ನು ನೋಡುತ್ತಿದ್ದರು. ಓದಿ ಮುಗಿಸಿದಾಗ "ಉಚ್ಚಾರಣೆ ಸ್ಪಷ್ಟವಾಗಿದೆ" ಎಂದರು. ಪ್ರಬಂಧವೊಂದಕ್ಕೆ ಇದಕ್ಕಿಂತ ಕ್ರೂರವಾದ ವಿಮರ್ಶೆ ಇರಲಾರದು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಹಾಳೆ ಕೈಯಿಂದ ಕೈಗೆ ದಾಟಿಕೊಂಡು ಬಂತು. ಅದು ದಾಟಿದಲ್ಲೆಲ್ಲ ಕಿಸಕ್ಕನೆ ನಗು. ನಾನು ಕಿತ್ತುಕೊಂಡು ನೋಡಿದೆ. ನನ್ನ ಪದಗಳನ್ನೆಲ್ಲ ಯಾರೋ ಪ್ರಾಣಿಗಳನ್ನಾಗಿ ಬರೆದಿದ್ದರು. ಅವಿನಾಭಾವ ಎಂಬುದು ಆ ಕಡೆಗೊಂದು ಈ ಕಡೆಗೊಂದು ತಲೆಯಿದ್ದು ಎರಡು ದಿಕ್ಕಿಗೂ ಎಳೆಯುತ್ತಿದ್ದ ಎತ್ತು. ಬಹುಮುಖತ್ವಕ್ಕೆ ಮೈಯೆಲ್ಲ ಮೂತಿ. ಪ್ರತಿಫಲನಶೀಲತೆಯ ಬಾಲ ಎಷ್ಟು ಉದ್ದವಿತ್ತೆಂದರೆ ಹಾಳೆಯನ್ನು ಮಗುಚಿ ಹಾಕಿದರೂ ಅದು ಮುಗಿದಿರಲಿಲ್ಲ. ಇವನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿ, ಕನ್ನಡಕ ಹಾಕಿಕೊಂಡ ಸಣಕಲ ಆಸಾಮಿಯೊಬ್ಬ ಏದುಸಿರು ಬಿಡುತ್ತಾ ಎಳೆದುಕೊಂಡು ಹೋಗುತ್ತಿದ್ದ.

ಆ ಸಂಜೆ ನಾನು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದೆ. ಊರಿಗೆ ಹೋಗಿ ಅಣ್ಣನ ಜೊತೆ ಹೊಲ ನೋಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಬಾಗಿಲಲ್ಲಿ ಹಿಂದಿನ ಬೆಂಚಿನ, ತೀರಾ ಎತ್ತರದ ಒಬ್ಬ ಹುಡುಗ ತಲೆ ಬಗ್ಗಿಸಿಕೊಂಡು ನಿಂತಿದ್ದ. ಬಗ್ಗಿಸಿದ್ದು ಪಶ್ಚಾತ್ತಾಪಕ್ಕಲ್ಲ, ಚೌಕಟ್ಟು ಗಿಡ್ಡವಿತ್ತು.

"ಬೇಜಾರಾಯ್ತೇನ್ಲಾ?" ಎಂದ.

ನಾನು ಇನ್ನೊಂದು ಅಂಗಿ ಮಡಿಸಿ ಚೀಲಕ್ಕೆ ತುರುಕಿದೆ.

"ಪ್ರಾಣಿಗೋಳು ಚೆಂದಾಗವೆ ಕಣ್ಲಾ. ಸಾಕಾದು ಮಾತ್ರ ಒಸಿ ಕಷ್ಟ. ನಾವು ಕುರಿ ಸಾಕೋರು, ನಂಗೊತ್ತು. ಎಲ್ಲಾನೂ ಒಂದೇ ಹಗ್ಗದಾಗ್ ಎಳೀಬ್ಯಾಡ, ಒಂದೊಂದೇ ಬುಡು."

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಚೀಲದಿಂದ ಬಟ್ಟೆಗಳು ಒಂದೊಂದಾಗಿ ಮತ್ತೆ ಹೊರಗೆ ಬಂದವು.

ಅವನು ಕನಕಪುರದಾಚೆಯ ಹಳ್ಳಿಯವನು, ಹೆಸರು ಮರಿಸ್ವಾಮಿ. ಎಲ್ಲರಿಗೂ ಮರಿ. ಕುರಿಮನೆಯಲ್ಲಿ ಹುಟ್ಟಿದವನಿಗೆ ಮರಿಯೆಂಬ ಹೆಸರು ಸಹಜವೇ ಆದರೂ, ಹಾಸ್ಟೆಲಿನ ಯಾವ ಮಂಚವೂ ಸಾಲದಷ್ಟು ಉದ್ದವಿದ್ದ ಆಳನ್ನು ಹಾಗೆ ಕರೆಯುವಾಗ ನಾಲಗೆಗೆ ತುಸು ಸಂಕೋಚವಾಗುತ್ತಿತ್ತು. ಬರೆಯಲು ಅವನಿಗೆ ಕಾಗದವೇ ಬೇಕೆಂದಿರಲಿಲ್ಲ. ಬಸ್ಸಿನ ಟಿಕೆಟು, ಬಾಳೆಯೆಲೆ, ಕ್ಯಾಂಟೀನಿನ ಮೇಜಿನ ಮೇಲೆ ಚೆಲ್ಲಿದ ಚಹಾ, ಯಾವುದಾದರೂ ಸರಿ. ಚೆಲ್ಲಿದ ಚಹಾದಲ್ಲಿ ಅವನು ಬೆರಳಾಡಿಸಿ ನಮ್ಮ ಮೇಷ್ಟ್ರ ಮುಖ ಬರೆದರೆ, ಕ್ಯಾಂಟೀನಿನವರು ಒರೆಸುವ ಬಟ್ಟೆ ಹಿಡಿದುಕೊಂಡು ಅದು ಆರುವವರೆಗೆ ಕಾಯುತ್ತಿದ್ದರು. ಮುಂದೆ ನಾನು ಏನು ಬರೆದರೂ ಮೊದಲು ಅವನಿಗೆ ಓದಿ ಹೇಳುವುದು ರೂಢಿಯಾಯಿತು. ಗಂಟಲಲ್ಲಿ ಇಳಿಯದ ಪದವೊಂದು ಬಂದರೆ ಮರಿ ಮಾತಾಡದೆ ಹಣೆಯ ಮೇಲೆ ಎರಡು ಬೆರಳಿಟ್ಟು ಕೊಂಬು ತೋರಿಸುತ್ತಿದ್ದ. ನಾನು ಆ ಪದವನ್ನು ಹೊಡೆದು ಹಾಕುತ್ತಿದ್ದೆ. ಇವತ್ತು ನನ್ನ ಪಾಠ ವಿದ್ಯಾರ್ಥಿಗಳಿಗೆ ತಕ್ಕಮಟ್ಟಿಗೆ ಅರ್ಥವಾಗುತ್ತಿದ್ದರೆ ಅದು ಆ ಎರಡು ಬೆರಳುಗಳ ಕೃಪೆ. ಈ ಬರಹದಲ್ಲಿಯೂ ಅಲ್ಲಲ್ಲಿ ಕೊಂಬುಗಳು ಕಂಡರೆ, ಅದು ಅವನು ಎದುರಿಗಿಲ್ಲದ ಫಲವೆಂದು ಕ್ಷಮಿಸಿ.

ಒಂದು ಹಬ್ಬಕ್ಕೆ ಅವನ ಊರಿಗೆ ಹೋಗಿದ್ದೆ. ಕುರಿದೊಡ್ಡಿಗೆ ಅಂಟಿಕೊಂಡಂತಿದ್ದ ಮನೆಯ ಹೊರಗೋಡೆಯ ಮೇಲೆ ಮರಿ ಹೈಸ್ಕೂಲಿನಲ್ಲಿದ್ದಾಗ ಇದ್ದಿಲಿನಿಂದ ಒಂದು ಕುರಿಮಂದೆ ಬರೆದಿದ್ದನಂತೆ. ನಾನು ಅಂಗಳಕ್ಕೆ ಕಾಲಿಟ್ಟೊಡನೆ ಅವನ ಅಪ್ಪ, ನೀರು ಕೊಡುವುದಕ್ಕೂ ಮೊದಲು, ನನ್ನ ಮೊಣಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದರು. "ನಮ್ಮುಡುಗ ಬರ್ದಿರಾದು. ಒಸಿ ಇತ್ಲಾಗ್ ನಿಂತ್ಕಂಡ್ ನೋಡಿ, ಇಲ್ಲಿಂದ ಚೆಂದಾಗ್ ಕಾಣ್ತದೆ" ಎಂದರು. ಹಬ್ಬಕ್ಕೆ ಮನೆಗೆಲ್ಲ ಹೊಸ ಸುಣ್ಣ ಬಳಿದಿದ್ದರು. ಮಂದೆಯಿದ್ದ ಜಾಗದಲ್ಲಿ ಮಾತ್ರ ಸುಣ್ಣ ಕುರಿಗಳ ಅಂಚಿನವರೆಗೆ ಬಂದು, ಕಾಲು ಕಿವಿಗಳನ್ನು ಬಳಸಿಕೊಂಡು, ಜೋಪಾನವಾಗಿ ನಿಂತಿತ್ತು. ವರ್ಷವೂ ಹಾಗೆಯೇ ಬಳಿಯುತ್ತಿದ್ದರಂತೆ. ಮರಿಗೆ ತನ್ನ ಕೈಯ ಮೇಲೆ ಅಷ್ಟು ನಂಬಿಕೆ ಎಲ್ಲಿಂದ ಬಂತೆಂದು ಅವತ್ತು ನನಗೆ ತಿಳಿಯಿತು.

ಓದು ಮುಗಿದ ಮೇಲೆ ನಾನು ರಾಮನಗರದಲ್ಲಿ ಅಧ್ಯಾಪಕನಾದೆ. ಮರಿ ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಗೆ ಹೊಸ ಹೊಸ ಗೊಂಬೆಗಳನ್ನು ಯೋಚಿಸಿ ಮಾಡಿಕೊಡುವ ಕೆಲಸಕ್ಕೆ ಸೇರಿದ. ಹೊಂಗನೂರಿನ ರೇಷ್ಮೆ ಬೆಳೆಯುವ ಮನೆಯ ಗೌರಿಯನ್ನು ಮದುವೆಯಾದ. ನಡುವೆ ಒಂದೇ ರೈಲಿನ ದೂರ. ಆದ್ದರಿಂದ ಸ್ನೇಹ ಹಳಸಲಿಲ್ಲ. ಆದರೆ ಅದರ ಆಳ ಎಷ್ಟೆಂದು ತಿಳಿಯಲು ನಾನು ಬೋರಲು ಬೀಳಬೇಕಾಯಿತು. ಇದು ಅಲಂಕಾರದ ಮಾತಲ್ಲ.

ಒಂದು ಬೆಳಿಗ್ಗೆ ತರಗತಿಯಲ್ಲಿ ರಗಳೆಯ ಲಕ್ಷಣ ಹೇಳುತ್ತಿದ್ದಾಗ ಬಲಗಣ್ಣಿನ ಅಂಚಿನಿಂದ ಕಪ್ಪು ಪರದೆಯೊಂದು ಮೆಲ್ಲಗೆ ಸರಿದು ಬಂತು. ಕನ್ನಡಕಕ್ಕೆ ಕೊಳೆ ಹತ್ತಿರಬೇಕೆಂದು ತೆಗೆದು ಒರೆಸಿದೆ, ಮತ್ತೆ ಒರೆಸಿದೆ, ಕಣ್ಣನ್ನೂ ಒರೆಸಿಕೊಂಡೆ. ರಗಳೆಗೆ ಮೇಷ್ಟ್ರು ಇಷ್ಟೊಂದು ಕರಗಿಹೋದರೆಂದು ಮುಂದಿನ ಬೆಂಚಿನವರು ಸ್ತಬ್ಧರಾಗಿ ಕುಳಿತಿದ್ದರು. ಸಂಜೆಯ ಹೊತ್ತಿಗೆ ಆ ಕಣ್ಣಿನಲ್ಲಿ ಅರ್ಧ ಜಗತ್ತು ಇರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ, ಕಣ್ಣಿನೊಳಗಿನ ಅಕ್ಷಿಪಟ ಗೋಡೆಯಿಂದ ಕಳಚಿಕೊಂಡಿದೆ ಎಂದರು. ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು.

"ಕಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿದ್ದೇವೆ" ಎಂದರು ಡಾಕ್ಟರು. "ಗುಳ್ಳೆ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ನೀವು ಮುಖ ನೆಲಕ್ಕೆ ಹಾಕಿದ್ದರೆ ಅದು ಹಿಂದಿನ ಪರದೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ನಾವು ಹೇಳುವ ತನಕ ತಲೆ ಎತ್ತಬೇಡಿ. ಎಡಗಣ್ಣಿನ ಪರದೆಯೂ ತೆಳುವಾಗಿದೆ, ಜೋಪಾನ."

ಹೀಗೆ ನನ್ನ ಅಧೋಮುಖ ಜೀವನ ಆರಂಭವಾಯಿತು. ಸುಮಿತ್ರಾ ಮಂಚದ ತುದಿಗೆ ನನ್ನ ಎದೆ ಬರುವಂತೆ ಬೋರಲು ಮಲಗಿಸಿ, ಮುಂದೆ ಒಂದು ಸ್ಟೂಲಿಟ್ಟು, ಅದರ ಅಂಚಿಗೆ ಟವೆಲನ್ನು ನೀರಿನ ಕೊಡ ಹೊರುವವರ ಸಿಂಬೆಯಂತೆ ಸುತ್ತಿ, ಹಣೆಗೆ ಆಸರೆ ಮಾಡಿದಳು. ಮಂಚಕ್ಕೂ ಸ್ಟೂಲಿಗೂ ನಡುವೆ ಒಂದು ಮೊರದಗಲದ ಕಿಂಡಿ ಉಳಿಯಿತು. ಆ ಕಿಂಡಿಯಲ್ಲಿ, ಕನ್ನಡಕದ ಮೂಲಕ, ನನ್ನ ಎಡಗಣ್ಣಿಗೆ ಕಾಣುತ್ತಿದ್ದುದು ಬೂದು ಬಣ್ಣದ ಸಿಮೆಂಟು ನೆಲ. ಊಟವೂ ತಲೆ ತಗ್ಗಿಸಿಯೇ, ನಡಿಗೆಯೂ ತಲೆ ತಗ್ಗಿಸಿಯೇ. ಯಾವುದೇ ತಪ್ಪು ಮಾಡದೆ ನಾನು ಮಹಾಪರಾಧಿಯಂತಾಗಿದ್ದೆ. ನೋಡಲು ಬಂದವರು ನನ್ನ ಬೆನ್ನಿಗೆ ಸಮಾಧಾನ ಹೇಳಿ ಹೋಗುತ್ತಿದ್ದರು. ಬೆನ್ನಿಗೆ ಸಮಾಧಾನ ಆಗುತ್ತಿತ್ತೋ ಏನೋ, ಅದರ ಆಚೆ ಬದಿಯಲ್ಲಿದ್ದವನಿಗೆ ಆಗುತ್ತಿರಲಿಲ್ಲ. ಓದಲಾಗದ ಮೇಷ್ಟ್ರನ್ನು ಯಾರು ಏನು ಮಾಡಿಕೊಳ್ಳುತ್ತಾರೆ ಎಂಬ ಒಂದೇ ಯೋಚನೆ ಆ ಸಿಮೆಂಟಿನ ಮೇಲೆ ಇರುವೆಯಂತೆ ಸುತ್ತುತ್ತಿತ್ತು.

ಮರಿ ಬಂದವನು ಸಮಾಧಾನ ಹೇಳಲಿಲ್ಲ. ಕೆಳಗೆ ಏನೋ ಸರಿದ ಸದ್ದಾಯಿತು. ನೋಡಿದರೆ ಕಿಂಡಿಯಲ್ಲಿ ಅವನ ಮುಖ! ನೆಲದ ಮೇಲೆ ಅಂಗಾತ ಮಲಗಿ, ಮಂಚದಡಿ ತಲೆ ತೂರಿಸಿ, ನನ್ನನ್ನೇ ನೋಡುತ್ತಿದ್ದ. ಎದ್ದು ಹೋಗಿ, ನನ್ನ ತಲೆಯ ಪಕ್ಕಕ್ಕೆ ತನ್ನ ತಲೆಯಿಟ್ಟು ಕೆಳಗೆ ನೋಡಿದ.

"ಏನ್ಲಾ ಇದು, ಬರೀ ಸಿಮೆಂಟು?"

"ಇನ್ನೇನಿರ್ತದೆ? ನಿಂಗೆ ತಮಾಷೆ."

"ಸರಿ ಬುಡು. ನಾಳಿಕ್ ಬತ್ತೀನಿ."

ಮರುದಿನ ಬೆಳಗಿನ ರೈಲಿಗೆ ಬಂದವನ ಕೈಯಲ್ಲಿ ಸೀಮೆಸುಣ್ಣ, ಇದ್ದಿಲು, ಒಂದಿಷ್ಟು ಬಣ್ಣದ ಪುಡಿ ಇದ್ದವು. ಮೊಣಕಾಲೂರಿ ಕುಳಿತು ಆ ಮೊರದಗಲದ ನೆಲದ ಮೇಲೆ ಬರೆಯತೊಡಗಿದ. ಮೊದಲು ಒಂದು ರಸ್ತೆ ಕಂಡಿತು, ರಸ್ತೆಯ ಬದಿಗೆ ಮರ, ಮರದಡಿ ಚಹಾದಂಗಡಿ. ನಮ್ಮ ವಿಶ್ವವಿದ್ಯಾಲಯದ ರಸ್ತೆ! ಕಾರ್ಖಾನೆಯಲ್ಲಿ ಉಳಿದ ಮರದ ತುಣುಕುಗಳಿಗೆ ಅರಗಿನ ಬಣ್ಣ ಹಚ್ಚಿ ಮಾಡಿದ ಬೆರಳುದ್ದದ ಗೊಂಬೆಗಳನ್ನು ಜೇಬಿನಿಂದ ತೆಗೆದು ಒಂದೊಂದಾಗಿ ಆ ರಸ್ತೆಗೆ ಇಳಿಸಿದ. ಕಿಟಕಿಯ ಕಡೆ ನೋಡುವ ಮೇಷ್ಟ್ರು ಬಂದರು. ಸಾರಿನ ಸೌಟು ಹಿಡಿದ ಹಾಸ್ಟೆಲಿನ ಅಡುಗೆಯವರು ಬಂದರು. ಮೈಗಿಂತ ಕನ್ನಡಕವೇ ದೊಡ್ಡದಾಗಿದ್ದ ಇನ್ನೊಬ್ಬ ಬಂದ. ಅವನು ಯಾರೆಂದು ಕೇಳಬೇಡಿ. ಮರಿ ಅವರನ್ನೆಲ್ಲ ನಡೆಸಿದ, ಜಗಳವಾಡಿಸಿದ, ಎಲ್ಲರ ದನಿಯಲ್ಲೂ ತಾನೇ ಮಾತಾಡಿದ. ಜಗಳ ಬಿಸಿಯೇರುವ ಹೊತ್ತಿಗೆ ಗಡಿಯಾರ ನೋಡಿ, "ಕೆಲಸಕ್ ವೊತ್ತಾಯ್ತು. ಮಿಕ್ಕಿದ್ದು ನಾಳಿಕೆ" ಎಂದು ಎದ್ದು ಹೋದ. ನಾನು ಮಿಕ್ಕ ದಿನವನ್ನೆಲ್ಲ, ಸೌಟು ಎತ್ತಿ ನಿಂತ ಆ ಅಡುಗೆಯವರನ್ನೇ ನೋಡುತ್ತಾ, ನಾಳೆ ಏನಾಗಬಹುದೆಂದು ಯೋಚಿಸುತ್ತಾ ಕಳೆದೆ. ಇರುವೆಯ ಸುಳಿವಿರಲಿಲ್ಲ.

ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಅವನು ರಾಮನಗರದಲ್ಲಿ ಇಳಿದು, ನನಗೊಂದು ನೆಲ ಮಾಡಿಕೊಟ್ಟು, ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ವಾಪಸು ಹೋಗುತ್ತಿದ್ದ. ಮನೆಯೆಲ್ಲ ಒರೆಸುವ ಸುಮಿತ್ರಾ ಆ ಜಾಗವನ್ನು ಮಾತ್ರ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಒಂದು ದಿನ ಮರಿ ತನ್ನ ಮಾವನ ಮನೆಯಿಂದ ಸಣ್ಣ ತಟ್ಟೆಯಲ್ಲಿ ರೇಷ್ಮೆಹುಳುಗಳನ್ನು ತಂದು, ಹಿಪ್ಪುನೇರಳೆ ಸೊಪ್ಪು ಹಾಕಿ ನನ್ನ ಕಣ್ಣ ಕೆಳಗಿಟ್ಟ. ರೇಷ್ಮೆಯ ನಾಡಿನಲ್ಲೇ ಬದುಕಿದ್ದರೂ ಹುಳುವೊಂದು ಎಲೆಯನ್ನು ಅಂಚಿನಿಂದ ಅಂಚಿಗೆ ಹೇಗೆ ಸವರಿಕೊಂಡು ತಿನ್ನುತ್ತದೆಂದು ನಾನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ನೋಡಿರಲಿಲ್ಲ. ಇನ್ನೊಂದು ದಿನ ಬಂದವನ ಜೊತೆ ಬೇರೇನೋ ಉಸಿರಾಡುವ ಸದ್ದು. ಏನೆಂದು ಕೇಳುವಷ್ಟರಲ್ಲಿ ಬೆಚ್ಚನೆಯ ಒದ್ದೆ ನಾಲಗೆಯೊಂದು ನನ್ನ ಮೂಗನ್ನು ನೆಕ್ಕಿತು. ಮರಿ ತನ್ನ ಅಣ್ಣನ ಮಂದೆಯಿಂದ ಒಂದು ಕುರಿಮರಿಯನ್ನು ಕನಕಪುರದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಕುರಿಮರಿ ತನ್ನ ಮನೆಯಲ್ಲಿ ಮಾಡುವುದನ್ನು ನಮ್ಮ ಮನೆಯಲ್ಲೂ ಮಾಡಿತು. "ಅಣ್ಣ, ಚಿತ್ರ ಆದ್ರೆ ಒರಸ್ದಂಗೆ ಇರ್ತೀನಿ, ಇದುನ್ನ ನೀನೇ ಬಾಚು" ಎಂದು ಸುಮಿತ್ರಾ ಅವನ ಕೈಗೆ ಪೊರಕೆ ಕೊಟ್ಟಳು. ಕಾಯಿಲೆ ಬಿದ್ದ ಮೇಲೆ ನಾನು ಮೊದಲ ಸಲ ಹೊಟ್ಟೆ ಹಿಡಿದು ನಕ್ಕದ್ದು ಅವತ್ತು. ಬೋರಲು ಮಲಗಿದವನಿಗೆ ಹೊಟ್ಟೆ ಹಿಡಿದು ನಗುವುದು ಎಷ್ಟು ಪ್ರಯಾಸದ ಕೆಲಸವೆಂದು ನಿಮಗೆ ತಿಳಿಯದು.

ಎಲ್ಲ ದಿನಗಳೂ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಅವನು ಬರೆಯುತ್ತಿರುವಾಗಲೇ ನನಗೆ ತಡೆಯದೆ ಹೋಯಿತು. "ಓದಾಕೇ ಆಗ್ದಿದ್ರೆ ಏನ್ಲಾ ಮಾಡ್ಲಿ ನಾನು?" ಎಂದೆ. ನನ್ನ ಬಾಯಿಯಲ್ಲಿ ಊರ ಮಾತು ಬರುವುದು ಕಂಗಾಲಾದಾಗ ಮಾತ್ರ. ಸೀಮೆಸುಣ್ಣದ ಸದ್ದು ನಿಂತಿತು.

"ನಾನ್ ಓದ್ತೀನಿ, ನೀನ್ ಕೇಳು" ಎಂದ ಮರಿ. "ಕೊಂಬು ಬಂದ್ರೆ ನೀನ್ ತೋರ್ಸು."

ಹಾಗೆಂದು ಮತ್ತೆ ಬರೆಯತೊಡಗಿದ. ನನ್ನ ಎಡಗಣ್ಣಿನಿಂದ ಒಂದು ಹನಿ ಕನ್ನಡಕದ ಅಂಚು ದಾಟಿ ಅವನ ರಸ್ತೆಯ ಮೇಲೆ ಬಿತ್ತು. ಅವನು ಅದನ್ನು ಒರೆಸಲಿಲ್ಲ. ಅದರ ಸುತ್ತ ಗೆರೆ ಎಳೆದು ಒಂದು ಕೊಳ ಮಾಡಿದ.

ಆ ವಾರಗಳಲ್ಲಿ ನಾನು ಜನರನ್ನು ಪಾದಗಳಿಂದ ಗುರುತಿಸುವುದನ್ನು ಕಲಿತೆ. ಮುಖ ಮಾಡುವಷ್ಟು ನಟನೆಯನ್ನು ಪಾದ ಮಾಡುವುದಿಲ್ಲ. ಬಾಯಿ "ಇನ್ನೂ ಕೂತಿರ್ತೀನಿ" ಎನ್ನುವಾಗಲೇ ಪಾದ ಬಾಗಿಲ ಕಡೆ ತಿರುಗಿರುತ್ತದೆ. ಮರಿಯ ಪಾದಗಳು ಮಾತ್ರ ಎಂದೂ ಬಾಗಿಲ ಕಡೆ ತಿರುಗಿರಲಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವ, ಬಿರುಕುಗಳಲ್ಲಿ ಸುಣ್ಣ ತುಂಬಿದ ಆ ಅಗಲವಾದ ಪಾದಗಳ ಪರಿಚಯ ನನಗೆ ಅವನ ಮುಖದಷ್ಟೇ ಆಗಿತ್ತು.

ಒಂದು ದಿನ ಅವನು ಹಾಸ್ಟೆಲಿನ ಅಂಗಳ ಬರೆದಿದ್ದ. ನೆಲವೆಲ್ಲ ಸುಣ್ಣದ ಬಿಳುಪು. ಒಂದೆರಡು ಸಲ ಅತ್ತಿತ್ತ ಓಡಾಡಿ ಗೊಂಬೆಗಳನ್ನು ಹುಡುಕುತ್ತಿದ್ದ. ಬಿಳುಪಿನ ಮೂಲೆಯಲ್ಲಿ ಒಂದು ಕೆಂಪು ಹೂವು ಬಿದ್ದಂತಿತ್ತು. ಅಂಗಳದಲ್ಲಿ ನಿಜಕ್ಕೂ ಒಂದು ಗುಲ್‌ಮೊಹರ್ ಮರವಿತ್ತು.

"ಹೂವು ಚೆನ್ನಾಗಿ ಬಂದಿದೆ ಕಣೋ" ಎಂದೆ.

"ಯಾವ್ ಹೂವ್ಲಾ? ನಾನ್ ಹೂವ ಬರ್ದೇ ಇಲ್ವಲ್ಲ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಅದು ಹೆಬ್ಬೆರಳಿನ ಗುರುತು. ನಡುವೆ ಕೆಂಪು ಇನ್ನೂ ಹಸಿಯಾಗಿತ್ತು.

"ಕಾಲೆತ್ತಿ ನೋಡ್ಕೊ, ಮರಿ."

"ಅರಗಿನ ಬಣ್ಣ ಇರ್ಬೇಕು ಕಣ್ಲಾ. ಕಾರ್ಖಾನೇಲಿ ತುಳ್ದಿರ್ತೀನಿ."

ನಾನು ಸುಮಿತ್ರಾಳನ್ನು ಕೂಗಿದೆ. ಅವಳು ಬಂದು ಅವನನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿ ಬಲಗಾಲನ್ನು ಎತ್ತಿ ನೋಡಿದಳು. ಅವಳು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. "ಅಯ್ಯೋ ಅಣ್ಣ, ಮರದ ಚೂರು ಒಳೀಕೇ ಒಕ್ಕೈತೆ. ಸುತ್ತ ಕಪ್ಪಾಗೋಗೈತೆ. ನೋಯ್ತಿಲ್ವಾ ನಿಂಗೆ?"

"ಇಲ್ಲ ಕಣವ್ವ. ನೋವೇ ಇಲ್ಲ ಅಂದ್ಮೇಲೆ ಅದೆಂಥ ಗಾಯ?" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ನನ್ನ ಸೋದರಮಾವನಿಗೂ ಹೀಗೆಯೇ ನೋಯದ ಗಾಯವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಪಾದದ ಅರಿವನ್ನು ಕದ್ದು, ಆಮೇಲೆ ಪಾದವನ್ನೇ ತೆಗೆದುಕೊಂಡು ಹೋಗಿತ್ತು. ಮಾವನ ಸಂಗತಿಯನ್ನು ಹೇಳಿ, ಈಗಲೇ ಆಸ್ಪತ್ರೆಗೆ ಹೋಗು ಎಂದೆ. ಆದರೆ ಮರಿಯ ಗೊಂಬೆಗಳು ಆ ವಾರ ದಿಲ್ಲಿಯ ಒಂದು ಪ್ರದರ್ಶನಕ್ಕೆ ಹೋಗುವುದಿತ್ತು. ತನ್ನ ಹೆಸರಿನಲ್ಲಿ ಗೊಂಬೆಗಳನ್ನಿಟ್ಟು ಪಕ್ಕದಲ್ಲಿ ನಿಲ್ಲುವ ಅವಕಾಶ ಅವನಿಗೆ ಅದೇ ಮೊದಲು.

"ದಿಲ್ಲಿಗ್ ಓಗ್ಬಂದು ತೋರುಸ್ತೀನಿ ಬುಡು. ನಾಳಿದ್ದಿಕ್ಕೆ ಟಿಕೆಟ್ ಆಗೈತೆ."

"ದಿಲ್ಲಿ ಎಲ್ಲಿಗೂ ಹೋಗಲ್ಲ. ಇವತ್ತೇ ತೋರಿಸು."

"ಒಂದ್ ಚೂರ್ ಸಿಬರಿಗೆ ಇಷ್ಟೊಂದ್ ಆಡ್ತಿಯಲ್ಲ ನಂಜ!"

ಬೋರಲು ಮಲಗಿದವನ ಕೈಯಲ್ಲಿ ಯಾವ ಅಧಿಕಾರವಿರುತ್ತದೆ? ಅವನ ತೋಳು ಹಿಡಿದು ಎಳೆದುಕೊಂಡು ಹೋಗುವಂತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ಗದರುವಂತಿಲ್ಲ. ನನ್ನ ಬಳಿ ಇದ್ದದ್ದು ಒಂದೇ ಅಸ್ತ್ರ. ಎರಡೂ ಕೈಗಳನ್ನು ಸ್ಟೂಲಿನ ಮೇಲೆ ಊರಿ, ಹಣೆಯನ್ನು ಸಿಂಬೆಯಿಂದ ತುಸು ಮೇಲೆತ್ತಿದೆ.

"ನೀನು ಹೋಗದಿದ್ರೆ ನಾನು ಈಗ್ಲೇ ಎದ್ದು ಕೂತ್ಕೋತೀನಿ."

"ಲೇ ಲೇ ಲೇ!" ಕುರ್ಚಿ ಬಿದ್ದ ಸದ್ದಾಯಿತು. "ಬುದ್ಧಿಗಿದ್ಧಿ ಐತೇನ್ಲಾ ನಿಂಗೆ? ಕಣ್ಣೋದಾತು! ಮಲಿಕ್ಕೋ!"

"ಹೋಗ್ತೀಯಾ?"

"ಓಯ್ತೀನಿ ಕಣ್ಲಾ, ನಮ್ಮಪ್ಪನಾಣೆ ಓಯ್ತೀನಿ. ಮಲಿಕ್ಕೋ ಮೊದ್ಲು!" ಆ ದೊಡ್ಡ ಅಂಗೈ ನನ್ನ ತಲೆಯ ಹಿಂಭಾಗವನ್ನು ಹಿಡಿದು ಮೆತ್ತಗೆ ಸಿಂಬೆಗೆ ಒತ್ತಿತು.

ಸುಮಿತ್ರಾ ಅವನನ್ನು ಆಟೋ ಹತ್ತಿಸಿಕೊಂಡು ಹೋದಳು. ಮನೆಯಲ್ಲಿ ನಾನೊಬ್ಬನೇ ಉಳಿದೆ. ಕಿಂಡಿಯಲ್ಲಿ ಹಾಸ್ಟೆಲಿನ ಅಂಗಳ, ಅಂಗಳದ ಮೂಲೆಯಲ್ಲಿ ಆ ಕೆಂಪು. ಅದು ಕಂದಾಗಿ, ಕಪ್ಪಾಗಿ, ಒಣಗುವವರೆಗೆ ನೋಡುತ್ತಾ ಇದ್ದೆ. ನನ್ನ ಕಣ್ಣಿನ ಯೋಚನೆ ಆ ಇಡೀ ಹೊತ್ತಿನಲ್ಲಿ ಒಮ್ಮೆಯೂ ನನಗೆ ಬರಲಿಲ್ಲ.

ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದ್ದಿರಬೇಕು, ಅವನಿಗೇ ತಿಳಿದಿರಲಿಲ್ಲ. ಕೀವು ಎಲುಬಿನವರೆಗೆ ಹೋಗಿತ್ತು. ಅವತ್ತೇ ಸೇರಿಸಿಕೊಂಡು, ಮರುದಿನ ಬಲಗಾಲಿನ ಹೆಬ್ಬೆರಳನ್ನು ತೆಗೆದರು. ದಿಲ್ಲಿಗೆ ಹೋಗಿ ಬಂದು ತೋರಿಸಿದ್ದರೆ ಪಾದ ಉಳಿಯುತ್ತಿತ್ತೆಂದು ಹೇಳಲು ಬರುತ್ತಿರಲಿಲ್ಲ ಎಂದು ಡಾಕ್ಟರು ಗೌರಿಗೆ ಹೇಳಿದರಂತೆ. ಗೊಂಬೆಗಳು ಅವನಿಲ್ಲದೆಯೇ ದಿಲ್ಲಿಗೆ ಹೋದವು.

ಸುಮಿತ್ರಾ ಫೋನನ್ನು ನನ್ನ ಕಿಂಡಿಯ ನೆಲದ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಎಬ್ಬೆಟ್ ಓಯ್ತು ಕಣ್ಲಾ" ಎಂದ ಮರಿ. "ಎಮ್ಮೇ ಓದುದ್ರೂವೆ ಎಬ್ಬೆಟ್ಟಾಗೇ ಇದ್ದೆ. ಈಗ ಅದೂ ಇಲ್ದಂಗಾಯ್ತು."

ಇಬ್ಬರೂ ನಕ್ಕೆವು. ಆಮೇಲೆ ಆ ಕಡೆ ಅವನು ಮಗ್ಗುಲು ಬದಲಿಸಿದ ಸದ್ದು ಕೇಳಿತು.

"ಎದ್ರಿಕೆ ಆಯ್ತದೆ ಕಣ್ಲಾ ನಂಜ."

ಅವನ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವನಂತೆ ಬರೆಯಲು ಬಾರದವನು, ಗೊಂಬೆ ಕುಣಿಸಲು ತಿಳಿಯದವನು, ಎದ್ದು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಲೂ ಆಗದವನು, ಏನು ಕೊಡಬಲ್ಲೆ? "ಯಾವಾಗ ಬೇಕಾದ್ರೂ ಫೋನ್ ಮಾಡು. ನಾನು ಇಲ್ಲೇ ಇರ್ತೀನಿ. ಎಲ್ಲಿಗೂ ಹೋಗೋ ಹಾಗಿಲ್ಲ" ಎಂದೆ. ಅವನು ನಿಜವಾಗಿಯೂ ಮಾಡಿದ. ಆಸ್ಪತ್ರೆಯಲ್ಲಿ ಅಂಗಾತ ಮಲಗಿದವನು, ಮನೆಯಲ್ಲಿ ಬೋರಲು ಮಲಗಿದವನ ಜೊತೆ ದಿನವೂ ಮಾತಾಡಿದ. ಮಾತಿಲ್ಲದಾಗಲೂ ನಾವು ಫೋನು ಇಡುತ್ತಿರಲಿಲ್ಲ.

ಕೊನೆಗೊಂದು ದಿನ ತಲೆ ಎತ್ತಬಹುದೆಂದು ಡಾಕ್ಟರು ಹೇಳಿದರು. ಪರದೆ ಅಂಟಿಕೊಂಡಿತ್ತು. ಬಲಗಣ್ಣಿಗೆ ನೇರವಾದ ಗೆರೆಗಳು ನೀರಿನಲ್ಲಿ ಅದ್ದಿದಂತೆ ಬಳುಕುತ್ತವೆ, ಮೆಟ್ಟಿಲುಗಳ ಆಳ ಸರಿಯಾಗಿ ತಿಳಿಯುವುದಿಲ್ಲ; ಆದರೆ ಬೆಳಕುಂಟು, ಬಣ್ಣವುಂಟು. ಎಡಗಣ್ಣಿನಿಂದ ಓದಬಲ್ಲೆ. ಪಾಠಕ್ಕೆ ವಾಪಸಾಗಬಹುದೆಂದರು. ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕೊಡನೆ ಸುಮಿತ್ರಾಳ ಕೈ ಹಿಡಿದುಕೊಂಡು ನಾನು ಮೊದಲು ಹೋದದ್ದು ಚನ್ನಪಟ್ಟಣಕ್ಕೆ.

ರೈಲಿನಲ್ಲಿ ಕೂತು, ಅವನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದೆ. ಆದರೆ ಬಾಗಿಲು ತೆರೆದ ಗೌರಿ ನನ್ನನ್ನು ನೋಡಿದವಳೇ, "ಅಣ್ಣ, ನೀವ್ ನೋಡ್ದೆ ಇದ್ದಿದ್ರೆ ಇವರ ಕಾಲೇ ಇರ್ತಿರ್ನಿಲ್ಲ" ಎಂದು ಅತ್ತುಬಿಟ್ಟಳು. ಒಳಗೆ ಕಾಲನ್ನು ದಿಂಬಿನ ಮೇಲಿಟ್ಟು ಕುಳಿತಿದ್ದ ಮರಿಯೂ ಅದನ್ನೇ ಹೇಳಲು ಬಾಯಿ ತೆರೆದ. ನಾನು ನನ್ನದನ್ನು ಹೇಳಲು ತೆರೆದೆ. ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ಗೋಡೆ ನೋಡತೊಡಗಿದೆವು. ಓದುಗರೇ, ಕೃತಜ್ಞ ಎಂಬ ಪದದ ವ್ಯುತ್ಪತ್ತಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ: ಮಾಡಿದ್ದನ್ನು ಅರಿತವನು. ಮಾಡಿದ್ದನ್ನು ಅರಿಯಬೇಕು ಎಂದಷ್ಟೇ ಆ ಪದ ಕೇಳುತ್ತದೆ; ಎದುರಿಗೆ ನಿಂತು ಹೇಳಲೇಬೇಕೆಂದು ಅದರಲ್ಲಿಲ್ಲ. ನಮ್ಮ ಕಡೆಯ ಆಡುಮಾತಿನಲ್ಲಿ ಗೆಳೆಯನಿಗೆ ಧನ್ಯವಾದ ಹೇಳುವ ಪದವೂ ಇಲ್ಲ. ಧನ್ಯವಾದ ಸಭೆಗಳಲ್ಲಿ ಮೈಕಿನ ಮುಂದೆ ನಿಂತು ಹೇಳುವಂಥದ್ದು.

"ಊಟ ಮಾಡ್ಕೊಂಡ್ ಓಗ್ಲಾ" ಎಂದ ಮರಿ.

ಮಾಡಿದೆ. ಅವನಿಗೆ ಗೌರಿ ಸಣ್ಣ ಮುದ್ದೆ ಬಡಿಸಿ, ನನಗೆ ದೊಡ್ಡದನ್ನು ಬಡಿಸಿದಳು. ಅವನು ನನ್ನ ತಟ್ಟೆಯ ಕಡೆ ಆಸೆಯಿಂದ ನೋಡುತ್ತಿದ್ದ; ಅವನ ತಟ್ಟೆಗೆ ಏನೂ ದಾಟದಂತೆ ನಾನು ಒಳ್ಳೆಯ ಕಣ್ಣನ್ನು ಅತ್ತಲೇ ಇಟ್ಟು ಉಂಡೆ.

ಈಗ ಅವನ ಕಾಲಿನ ತಪಾಸಣೆಯೂ ನನ್ನ ಕಣ್ಣಿನ ತಪಾಸಣೆಯೂ ಬೆಂಗಳೂರಿನಲ್ಲಿ ಒಂದೇ ದಿನ ಬೀಳುವಂತೆ ಮಾಡಿಕೊಂಡಿದ್ದೇವೆ. ಅವನು ಚನ್ನಪಟ್ಟಣದಲ್ಲಿ ಹತ್ತಿದರೆ ನೇರವಾಗಿ ಬೆಂಗಳೂರಿಗೇ ಹೋಗಬಹುದು. ಆದರೆ ಬೋಗಿಯ ಮೆಟ್ಟಿಲು ನನಗೆ ಸರಿಯಾಗಿ ಕಾಣದೆಂದು ಒಂದು ರೈಲು ಮುಂಚೆಯೇ ಹೊರಟು ರಾಮನಗರದಲ್ಲಿ ಇಳಿದು, ನನ್ನ ಜೊತೆಗೆ ಮುಂದಿನ ರೈಲು ಹತ್ತುತ್ತಾನೆ. ಮೊನ್ನೆಯೂ ಹಾಗೆಯೇ ಬಂದಿದ್ದ. ಕಾಲಿಗೆಂದೇ ಮಾಡಿಸಿದ ದಪ್ಪ ಅಡಿಯ ಬೂಟು ಹಾಕಿಕೊಂಡು ತುಸು ವಾಲುತ್ತಾ ಬಂದು, ಪ್ಲಾಟ್‌ಫಾರಂನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತ.

"ಎಂಗೈತ್ಲಾ ಕಣ್ಣು?"

ನಾನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣಿನಲ್ಲಿ ಅವನನ್ನು ನೋಡಿದೆ. "ನಿನ್ನ ಮುಖ ಸೊಟ್ಟಗೆ ಕಾಣ್ತದೆ."

"ಅಂಗಾರೆ ಸರ್ಯಾಗೈತೆ ಬುಡು. ನಮ್ಮವ್ವಂಗೂ ಅಂಗೇ ಕಾಣ್ತಿತ್ತು."

ರೈಲು ಬಂತು. ಜನ ಓಡತೊಡಗಿದರು. ನಾವಿಬ್ಬರೂ ಓಡುವವರಲ್ಲ, ನಿಧಾನವಾಗಿ ಎದ್ದು ಬಾಗಿಲಿನವರೆಗೆ ನಡೆದೆವು. ಮರಿ ಮೊದಲು ಹತ್ತಿ, ಕಂಬಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ.

"ಮೆಟ್ಲು" ಎಂದ.

ನಾನು ಕೆಳಗೆ ನೋಡಲಿಲ್ಲ. ಅವನ ಮುಖ ನೋಡುತ್ತಲೇ ಕಾಲೆತ್ತಿ ಇಟ್ಟೆ.